ಪೊಟ್ಯಾಸಿಯಂ 7, ರೋಗಿ ಆರಾಮ

ವರದಿಯಲ್ಲಿ ಪೊಟ್ಯಾಸಿಯಂ 7 ಎಂದಿದೆ. ರೋಗಿಗೆ ಕಿಡ್ನಿ ತೊಂದರೆಯಿಲ್ಲ, ಪೊಟ್ಯಾಸಿಯಂ ಏರಿಸುವ ಮಾತ್ರೆಗಳನ್ನೂ ನುಂಗುತ್ತಿಲ್ಲ. ಇಂಥಲ್ಲಿ ಮೊದಲು ಅನುಮಾನ ಪಡಬೇಕಾದ್ದು ರಕ್ತ ತೆಗೆದ ರೀತಿಯ ಮೇಲೆ.

ರಕ್ತದ ದ್ರವಭಾಗದಲ್ಲಿ ಪೊಟ್ಯಾಸಿಯಂ ಇರುವುದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಕೆಂಪು ಕಣಗಳೊಳಗೆ ಅದರ 20 ಪಟ್ಟಿಗೂ ಹೆಚ್ಚು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬನ್ನು ಮೆಲ್ಲಗೆ ತಿರುವುವ ಬದಲು ಕುಲುಕಿದರೆ ಕಣಗಳು ಒಡೆದು ಒಳಗಿನದೆಲ್ಲ ಹೊರಗೆ ಸುರಿಯುತ್ತದೆ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿದು ಬಿಡಿಸುತ್ತಿದ್ದರೂ ಅಂಕಿ ಏರುತ್ತದೆ. ಪಟ್ಟಿ ಒಂದು ನಿಮಿಷ ಮೀರಬಾರದು. ಇನ್ನೊಂದು ದಾರಿಯೂ ಉಂಟು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣವೇ. ಅದರ ತುಸು ಅಂಶ ಬೇರೆ ಟ್ಯೂಬಿಗೆ ಸೇರಿದರೂ ಪೊಟ್ಯಾಸಿಯಂ ಮೇಲೇರಿ, ಕ್ಯಾಲ್ಸಿಯಂ ನಂಬಲಾಗದಷ್ಟು ಇಳಿಯುತ್ತದೆ. ಈ ಜೋಡಿ ಕಂಡರೆ ತಪ್ಪು ಟ್ಯೂಬಿನದೇ ಎನ್ನಬಹುದು. ಹಾಗಂತ ಸುಮ್ಮನೆ ಕೂರುವಂತಿಲ್ಲ. 7 ನಿಜವೇ ಆಗಿದ್ದರೆ ಹೃದಯ ನಿಲ್ಲಬಹುದು. ಕೂಡಲೇ ಇಸಿಜಿ, ಹೊಸದಾಗಿ ರಕ್ತದ ಮಾದರಿ.

ಸಕ್ಕರೆಯ ಕಥೆ ಉಲ್ಟಾ. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು. 8 ಗಂಟೆ ಉಪವಾಸದ ನಂತರ ಡೆಸಿಲೀಟರಿಗೆ 126 ಮಿಲಿಗ್ರಾಂ ಇದ್ದದ್ದು ಮಧುಮೇಹದ ಗೆರೆ; ಅದೇ ರಕ್ತ ಕಣಗಳನ್ನು ಬೇರ್ಪಡಿಸದೆ ಎರಡು ಗಂಟೆ ಬಿದ್ದಿದ್ದರೆ 112ರ ಆಸುಪಾಸಿಗೆ ಇಳಿದು 'ಪರವಾಗಿಲ್ಲ' ಅನ್ನಿಸಿಕೊಳ್ಳುತ್ತದೆ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಈ ಸೋರಿಕೆ ತಡೆಯುತ್ತದೆ, ಆದರೆ ಅದಕ್ಕೂ ಕೆಲಸ ಹಿಡಿಯಲು ಒಂದೆರಡು ಗಂಟೆ ಬೇಕು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, ಶೇಕಡಾ 6.5 ಮಧುಮೇಹದ ಗೆರೆ. ಅದೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ: ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಸುಳ್ಳೇ ಏರಬಹುದು, ಕೆಂಪು ಕಣಗಳು ಬೇಗ ಸಾಯುವ ಕಾಯಿಲೆಗಳಲ್ಲಿ ಸುಳ್ಳೇ ಇಳಿಯುತ್ತದೆ.

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 40,000ಕ್ಕೆ ಇಳಿದಿದೆ ಎಂದು ಬಂದು, ಮೈಮೇಲೆ ರಕ್ತಸ್ರಾವದ ಒಂದು ಚುಕ್ಕೆಯೂ ಇಲ್ಲದಿದ್ದರೆ ಗಾಬರಿಗೆ ಮುಂಚೆ ಸೂಕ್ಷ್ಮದರ್ಶಕದಲ್ಲಿ ರಕ್ತದ ಸ್ಲೈಡ್ ನೋಡಿಸಿ. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲಿ ಗುಂಪುಗಟ್ಟುತ್ತವೆ, ಯಂತ್ರಕ್ಕೆ ಗುಂಪನ್ನು ಎಣಿಸಲು ಬರುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿ, ದ್ರಾವಣ ಬೆರೆತ ಲೆಕ್ಕಕ್ಕೆ 1.1ರಿಂದ ಗುಣಿಸುತ್ತಾರೆ.

'ಸಾಮಾನ್ಯ ಮಿತಿ' ಎಂದರೆ ಹೆಚ್ಚಾಗಿ ಶೇಕಡಾ 95ರಷ್ಟು ಆರೋಗ್ಯವಂತರ ಅಂಕಿಗಳು ಬೀಳುವ ಹರವು. 20 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ ಎಲ್ಲ ಸರಿಯಿದ್ದವರಿಗೂ ಮಿತಿ ಮೀರಿದೆ ಎನ್ನುವ ಒಂದೆರಡು ದಪ್ಪಕ್ಷರದ ಅಂಕಿ ಸಿಗುವುದು ಸಹಜ. ಕಾರಣವಿಲ್ಲದೆ ಇಂಥ ಪ್ಯಾಕೇಜ್ ಬೇಡ ಅನ್ನುವುದು ಅದಕ್ಕೇ.

ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ಲ್ಯಾಬಿನಲ್ಲಿ ಹೇಳುವುದೇ ಇಲ್ಲ. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಪರೀಕ್ಷೆಯ ಹಾರ್ಮೋನುಗಳಾದ ಟಿಎಸ್‌ಎಚ್ ಇಳಿಸಿ, ಟಿ4 ಏರಿಸಿ ತೋರಿಸುತ್ತದೆ. ಥೈರಾಯ್ಡ್ ಅತಿಯಾಗಿದೆಯೇನೋ ಎಂಬಂತೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಡೋಸ್ ಹೆಚ್ಚಿದ್ದರೆ ಇನ್ನೂ ಮುಂಚೆ.