ಏನು ಮಾಡಬೇಕೆಂದು ಹೇಳದ ಎಚ್ಚರಿಕೆಗಳು

ಭಯೋತ್ಪಾದಕ ದಾಳಿಯ ಸಾಧ್ಯತೆ ಇರುವುದರಿಂದ ಸಾರ್ವಜನಿಕರು ಎಚ್ಚರದಿಂದಿರಬೇಕು ಎಂಬ ಪ್ರಕಟಣೆ ಹೊರಬಿದ್ದಾಗಲೆಲ್ಲ, ಜನ ಸೇರುವ ಕಟ್ಟಡಗಳಿಗೆ ಭದ್ರತಾ ಯೋಜನೆ ರೂಪಿಸುವ ನಮ್ಮಂಥವರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ನಿನ್ನೆ ಮಾಡದ ಯಾವ ಕೆಲಸವನ್ನು ಇಂದು ಮಾಡಬೇಕು? ಯಾವ ಬಾಗಿಲು ಮುಚ್ಚಬೇಕು, ಯಾವ ವಾಹನಗಳನ್ನು ದೂರ ನಿಲ್ಲಿಸಬೇಕು, ಎಷ್ಟು ದಿನ? ಇದಕ್ಕೆ ಉತ್ತರವಿಲ್ಲದ ಪ್ರಕಟಣೆಯನ್ನು ಸಂಶಯದಿಂದ ನೋಡುವ ನಾಗರಿಕರನ್ನು ಬೇಜವಾಬ್ದಾರರೆಂದು ಕರೆಯುವುದು ಸರಿಯಲ್ಲ.

ಈ ಸಂಶಯಕ್ಕೆ ಗಟ್ಟಿಯಾದ ಆಧಾರವಿದೆ. 2002ರ ಮಾರ್ಚ್‌ನಲ್ಲಿ ಅಮೆರಿಕ ಐದು ಬಣ್ಣಗಳ ಎಚ್ಚರಿಕೆ ವ್ಯವಸ್ಥೆಯನ್ನು ಜಾರಿಗೆ ತಂದಿತು. 2011ರಲ್ಲಿ ಅದನ್ನು ಕೈಬಿಡುವವರೆಗೂ ದೇಶದ ಮಟ್ಟ ಒಮ್ಮೆಯೂ ಹಳದಿಗಿಂತ ಕೆಳಗಿನ ನೀಲಿಗಾಗಲಿ ಹಸಿರಿಗಾಗಲಿ ಇಳಿಯಲಿಲ್ಲ. 2003ರ ಫೆಬ್ರವರಿಯಲ್ಲಿ ಕಿತ್ತಳೆ ಬಣ್ಣಕ್ಕೆ ಏರಿದಾಗ ವಿಷಗಾಳಿ ಒಳಬರದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಲು ಪ್ಲಾಸ್ಟಿಕ್ ಹಾಳೆ ಮತ್ತು ಡಕ್ಟ್ ಟೇಪ್ ಎಂಬ ಅಗಲವಾದ ಅಂಟುಪಟ್ಟಿ ಇಟ್ಟುಕೊಳ್ಳುವಂತೆ ಜನರಿಗೆ ಸಲಹೆ ನೀಡಲಾಯಿತು. 2004ರ ಆಗಸ್ಟ್‌ನಲ್ಲಿ ಕೆಲವು ಹಣಕಾಸು ಸಂಸ್ಥೆಗಳ ಕಟ್ಟಡಗಳನ್ನು ಹೆಸರಿಸಿಯೇ ಎಚ್ಚರಿಸಲಾಯಿತಾದರೂ, ಅದರ ಹಿಂದಿದ್ದ ಮಾಹಿತಿಯ ಬಹುಭಾಗ ಕೆಲವು ವರ್ಷಗಳಷ್ಟು ಹಳೆಯದು ಎಂಬುದು ಬಹುಬೇಗ ಬಯಲಾಯಿತು. ಆಂತರಿಕ ಭದ್ರತಾ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದ ಟಾಮ್ ರಿಡ್ಜ್ ಅವರೇ, ತಮ್ಮ ಇಲಾಖೆ ಒಪ್ಪದಿದ್ದ ಸಂದರ್ಭಗಳಲ್ಲೂ ಮಟ್ಟವನ್ನು ಏರಿಸಲಾಗಿತ್ತು ಎಂದು ಹುದ್ದೆ ಬಿಟ್ಟ ಬಳಿಕ 2005ರಲ್ಲಿ ಬಹಿರಂಗವಾಗಿ ಹೇಳಿದರು.

ಅಸ್ಪಷ್ಟ ಎಚ್ಚರಿಕೆಯನ್ನು ಸುಳ್ಳೆಂದು ತೋರಿಸಲು ಯಾರಿಂದಲೂ ಆಗದು. ದಾಳಿ ನಡೆದರೆ ಮೊದಲೇ ಹೇಳಿದ್ದೆವು ಎನ್ನಬಹುದು, ನಡೆಯದಿದ್ದರೆ ನಮ್ಮ ಕಟ್ಟೆಚ್ಚರದಿಂದಲೇ ತಪ್ಪಿತು ಎನ್ನಬಹುದು. ಹೊರಡಿಸಿದ ಕಚೇರಿಗೆ ಎರಡೂ ಕಡೆ ರಕ್ಷಣೆ ಸಿಗುತ್ತದೆ. ಗೇಟಿನಲ್ಲಿ ನಿಂತವನಿಗೆ ಮಾತ್ರ ಏನೂ ಸಿಗುವುದಿಲ್ಲ. ಕೊನೆಯ ದಿನಾಂಕವಿಲ್ಲದ ಹೈ ಅಲರ್ಟ್ ವಾರಗಟ್ಟಲೆ ಮುಂದುವರಿದಾಗ ಕಾವಲು ಸಿಬ್ಬಂದಿಯ ತಪಾಸಣೆ ಹೇಗೆ ಬದಲಾಗುತ್ತದೆ ಎಂಬುದನ್ನು ನಾನು ಬಲ್ಲೆ: ಮೊದಲು ಚೀಲದ ಒಳಗೆ ನೋಡುತ್ತಿದ್ದ ಕಣ್ಣು ಕ್ರಮೇಣ ಸರದಿಯ ಉದ್ದವನ್ನಷ್ಟೇ ನೋಡತೊಡಗುತ್ತದೆ. ಇದು ಅವರ ಸೋಮಾರಿತನವಲ್ಲ, ಏನನ್ನು ಹುಡುಕಬೇಕೆಂದು ಯಾರೂ ಹೇಳದಿದ್ದುದರ ಫಲ.

ಮೂಲಗಳನ್ನು ಕಾಪಾಡಬೇಕಾದ್ದರಿಂದ ವಿವರ ನೀಡಲಾಗದು ಎಂಬ ಅಧಿಕಾರಿಗಳ ಮಾತನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಆ ಮೂಲ ಎಷ್ಟೋ ಬಾರಿ ಜೀವ ಒತ್ತೆಯಿಟ್ಟ ಒಬ್ಬ ಮನುಷ್ಯನಾಗಿರುತ್ತಾನೆ. ಆದರೆ ಜನರು ಏನು ಮಾಡಬೇಕು ಎಂದು ಹೇಳಲು ಮೂಲವನ್ನು ಬಯಲುಮಾಡಬೇಕಾಗಿಲ್ಲ. 2006ರ ಆಗಸ್ಟ್ 10ರಂದು ಅಮೆರಿಕ ಅತ್ಯುನ್ನತವಾದ ಕೆಂಪು ಮಟ್ಟವನ್ನು ಘೋಷಿಸಿದಾಗ ಅದು ಬ್ರಿಟನ್ನಿನಿಂದ ಅಮೆರಿಕಕ್ಕೆ ಹೊರಟ ವಿಮಾನಗಳಿಗಷ್ಟೇ ಅನ್ವಯಿಸಿತು, ಮತ್ತು ಪ್ರಯಾಣಿಕರಿಗೆ ದ್ರವ ಪದಾರ್ಥಗಳನ್ನು ಒಳಗೆ ಒಯ್ಯಬೇಡಿ ಎಂಬ ಖಚಿತ ಸೂಚನೆ ಸಿಕ್ಕಿತು.

ಖಚಿತ ಎಚ್ಚರಿಕೆಯೂ ತಪ್ಪಬಹುದು. 2024ರ ಮಾರ್ಚ್ 7ರಂದು ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯು, ಮುಂದಿನ 48 ಗಂಟೆಗಳ ಕಾಲ ಸಂಗೀತ ಕಾರ್ಯಕ್ರಮಗಳೂ ಸೇರಿದಂತೆ ದೊಡ್ಡ ಜನಸಂದಣಿಯಿಂದ ದೂರವಿರಿ ಎಂದು ತನ್ನ ನಾಗರಿಕರಿಗೆ ತಿಳಿಸಿತು. ಮಾಸ್ಕೋ ಹೊರವಲಯದ ಕ್ರೋಕಸ್ ಸಭಾಂಗಣದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸೇರಿದವರ ಮೇಲೆ ದಾಳಿ ನಡೆದದ್ದು ಮಾರ್ಚ್ 22ರಂದು. ಗಡುವು ಮೀರಿತ್ತು, ಆದರೆ ಸಂಗೀತ ಕಾರ್ಯಕ್ರಮ ಎಂಬ ಸುಳಿವು ಸರಿಯಾಗಿತ್ತು. ಯೋಜನೆ ಮಾಡುವವರಿಗೆ ಅಷ್ಟು ಹಿಡಿತ ಸಾಕು.

ಇನ್ನೊಂದು ಬಗೆಯ ವೈಫಲ್ಯ ನನ್ನನ್ನು ಹೆಚ್ಚು ಕಾಡುತ್ತದೆ. ಚರ್ಚುಗಳ ಮೇಲೆ ದಾಳಿಯಾಗಬಹುದೆಂಬ ಮಾಹಿತಿ 2019ರ ಏಪ್ರಿಲ್ ಮೊದಲ ವಾರದಲ್ಲೇ ಭಾರತದಿಂದ ಶ್ರೀಲಂಕಾಕ್ಕೆ ತಲುಪಿತ್ತು. ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಹೋಟೆಲುಗಳಲ್ಲೂ 250ಕ್ಕೂ ಹೆಚ್ಚು ಜನ ಸತ್ತರು. ಪ್ರಾರ್ಥನೆಗೆ ಸೇರಿದವರಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಾಳಿಯ ಸಮಯದಲ್ಲಿ ಅಧ್ಯಕ್ಷರಾಗಿದ್ದವರನ್ನೂ ಹಿರಿಯ ಅಧಿಕಾರಿಗಳನ್ನೂ ಹೊಣೆಯಾಗಿಸಿ ಪರಿಹಾರ ನೀಡುವಂತೆ ಆದೇಶಿಸಿತು. ಎಲ್ಲರಿಗೂ ಎಲ್ಲದರ ಬಗ್ಗೆ ಎಚ್ಚರಿಸುವ ಅಭ್ಯಾಸವೂ ಬೇಕಾದವರಿಗೆ ಬೇಕಾದ್ದನ್ನು ತಿಳಿಸದ ಅಭ್ಯಾಸವೂ ಒಂದೇ ಕಚೇರಿಯಲ್ಲಿ ಜೊತೆಯಾಗಿ ಬೆಳೆಯಬಲ್ಲವು.

ಅಮೆರಿಕ 2011ರಲ್ಲಿ ತಂದ ಬದಲಿ ವ್ಯವಸ್ಥೆಯಲ್ಲಿ ಪ್ರತಿ ಎಚ್ಚರಿಕೆಗೂ ಮುಗಿಯುವ ದಿನಾಂಕವಿರಬೇಕೆಂಬ ನಿಯಮ ಸೇರಿತು. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಗಡುವು ಮುಗಿದ ಮೇಲೆ, ಮೂಲವನ್ನು ಮರೆಮಾಚಿಯೇ ಆಗಲಿ, ಆ ಎಚ್ಚರಿಕೆ ನಿಜವಾಯಿತೇ ಇಲ್ಲವೇ ಎಂಬುದನ್ನು ಸಾರ್ವಜನಿಕರಿಗೆ ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ, ಸ್ಥಳವನ್ನಾಗಲಿ ಅವಧಿಯನ್ನಾಗಲಿ ಹೇಳದ ಪ್ರಕಟಣೆ ಕೈಸೇರಿದಾಗ, ಅದನ್ನು ಹೊರಡಿಸಿದ ಕಚೇರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿ, ದಿನನಿತ್ಯದ ತಪಾಸಣೆಯನ್ನೇ ಶ್ರದ್ಧೆಯಿಂದ ಮುಂದುವರಿಸಿ ಎಂದು ನಾನು ಸಂಸ್ಥೆಗಳಿಗೆ ಹೇಳುತ್ತೇನೆ.