ಪದ ಪರಿಚಯ: ಐರೋಪ್ಯ ಒಕ್ಕೂಟದ ಕಾನೂನು

ಎರಡು ದೇಶಗಳು ಒಪ್ಪಂದ ಮಾಡಿಕೊಂಡರೆ ಅದು ಸರ್ಕಾರಗಳ ನಡುವಿನ ವ್ಯವಹಾರ. ಒಂದು ಮಾತು ತಪ್ಪಿದರೆ ಇನ್ನೊಂದು ತಕರಾರು ತೆಗೆಯುತ್ತದೆ. ಜನಸಾಮಾನ್ಯರಿಗೆ ಅಲ್ಲಿ ಜಾಗವಿಲ್ಲ. ಐರೋಪ್ಯ ಒಕ್ಕೂಟದ ಕಾನೂನು ಬೇರೆ ಥರ. ಹಲವು ದೇಶಗಳು ಸೇರಿ ಮಾಡಿಕೊಂಡ ಈ ಕಾನೂನನ್ನು ಹಿಡಿದು ಒಬ್ಬ ವ್ಯಾಪಾರಿ ತನ್ನದೇ ಸರ್ಕಾರವನ್ನು ತನ್ನದೇ ದೇಶದ ಕೋರ್ಟಿಗೆ ಎಳೆಯಬಹುದು.

ಇದು ಶುರುವಾದದ್ದು ಕಲ್ಲಿದ್ದಲು, ಉಕ್ಕಿನಿಂದ. 1870ರಿಂದ 1945ರೊಳಗೆ ಫ್ರಾನ್ಸ್ ಮತ್ತು ಜರ್ಮನಿ ಮೂರು ಸಲ ಯುದ್ಧ ಮಾಡಿದ್ದವು. ಫಿರಂಗಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಜರ್ಮನಿಯ ರೂರ್ ಪ್ರದೇಶದಲ್ಲಿ, ಕಬ್ಬಿಣದ ಅದಿರು ಫ್ರಾನ್ಸಿನ ಲೊರೇನ್‌ನಲ್ಲಿ. ಎರಡನ್ನೂ ಒಂದು ಜಂಟಿ ಸಂಸ್ಥೆಯ ಕೈಗೆ ಕೊಟ್ಟುಬಿಟ್ಟರೆ ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗಲು ಯಾರಿಗೂ ಆಗುವುದಿಲ್ಲ, ಅಲ್ವಾ? 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರೋಬೇರ್ ಶೂಮನ್ ಮುಂದಿಟ್ಟದ್ದು ಇದನ್ನೇ. ಯೋಜನೆಯ ತಲೆ ಫ್ರೆಂಚ್ ಅಧಿಕಾರಿ ಜಾನ್ ಮೊನೆಯದು. ಶೂಮನ್ ಹುಟ್ಟಿದ್ದೇ ಜರ್ಮನ್ ಪ್ರಜೆಯಾಗಿ. ಲೊರೇನ್ ಮತ್ತೆ ಫ್ರಾನ್ಸಿಗೆ ಸೇರಿದ ಮೇಲೆ ಫ್ರೆಂಚ್ ಪ್ರಜೆಯಾದವರು. ಗಡಿ ಅತ್ತಿತ್ತ ಸರಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸಹಿ ಹಾಕಿದವು. ಜಂಟಿ ಸಂಸ್ಥೆಯ ಜೊತೆಗೆ ಒಂದು ಕೋರ್ಟೂ ಹುಟ್ಟಿತು. ಆಗ ಅದರ ಕಡೆ ಹೆಚ್ಚು ಜನ ತಿರುಗಿಯೂ ನೋಡಲಿಲ್ಲ. ಜಂಟಿ ಸೈನ್ಯ ಕಟ್ಟುವ ಪ್ರಯತ್ನ 1954ರಲ್ಲಿ ಫ್ರಾನ್ಸಿನ ಸಂಸತ್ತಿನಲ್ಲೇ ಬಿದ್ದುಹೋಯಿತು. ಸರಿ, ವ್ಯಾಪಾರದಿಂದಲೇ ಮುಂದುವರಿಯೋಣ ಎಂದು ಇದೇ ಆರು ದೇಶಗಳು 1957ರಲ್ಲಿ ರೋಮ್ ಒಪ್ಪಂದ ಮಾಡಿಕೊಂಡು, ಇಂದಿನ ಒಕ್ಕೂಟದ ಹಿಂದಿನ ರೂಪವಾದ ‘ಐರೋಪ್ಯ ಆರ್ಥಿಕ ಸಮುದಾಯ’ ಕಟ್ಟಿದವು.

ಒಪ್ಪಂದಕ್ಕೆ ಹಲ್ಲು ಬಂದದ್ದು ಒಂದು ಸುಂಕದ ಜಗಳದಿಂದ. ವಾನ್ ಗೆಂಡ್ ಎನ್ ಲೂಸ್ ಎಂಬ ಡಚ್ ಸಾಗಣೆ ಕಂಪನಿ 1960ರಲ್ಲಿ ಪಶ್ಚಿಮ ಜರ್ಮನಿಯಿಂದ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ತರಿಸಿತು. ಮೊದಲು ಇದಕ್ಕೆ ಶೇ. 3 ಸುಂಕವಿತ್ತು. ಸರಕಿನ ವರ್ಗೀಕರಣ ಬದಲಾಗಿ ಶೇ. 8 ಕಟ್ಟಬೇಕಾಯಿತು. ರೋಮ್ ಒಪ್ಪಂದದ 12ನೇ ವಿಧಿ ಸದಸ್ಯ ದೇಶಗಳ ನಡುವಿನ ಸುಂಕ ಏರಿಸಬಾರದು ಎನ್ನುತ್ತದೆ, ಹಾಗಾಗಿ ಇದು ತಪ್ಪು ಎಂದು ಕಂಪನಿ ಪಟ್ಟು ಹಿಡಿಯಿತು. ಒಪ್ಪಂದ ದೇಶಗಳ ಮಧ್ಯೆ ಇರುವಂಥದ್ದು, ಅದನ್ನು ಕೇಳಲು ನೀವ್ಯಾರು ಎಂಬುದು ಸರ್ಕಾರದ ವಾದ. ಡಚ್ ನ್ಯಾಯಮಂಡಳಿ ಪ್ರಶ್ನೆಯನ್ನು ಲಕ್ಸೆಂಬರ್ಗಿನಲ್ಲಿದ್ದ ಆ ಜಂಟಿ ಕೋರ್ಟಿಗೆ ಕಳಿಸಿತು. 1963ರ ಫೆಬ್ರವರಿ 5ರಂದು ಕೋರ್ಟು ಕಂಪನಿಯ ಕಡೆ ನಿಂತಿತು: ಈ ಒಪ್ಪಂದ ಪ್ರಜೆಗಳಿಗೂ ನೇರವಾಗಿ ಹಕ್ಕು ಕೊಡುತ್ತದೆ, ಆ ಹಕ್ಕನ್ನು ಅವರವರ ದೇಶದ ಕೋರ್ಟುಗಳೇ ಕಾಪಾಡಬೇಕು. ವಕೀಲರು ಇದಕ್ಕೆ ‘ನೇರ ಪರಿಣಾಮ’ ಎನ್ನುತ್ತಾರೆ. ಒಪ್ಪಂದದಲ್ಲಿ ಎಲ್ಲೂ ಹೀಗೆ ಬಿಡಿಸಿ ಬರೆದಿರಲಿಲ್ಲ. ನ್ಯಾಯಾಧೀಶರು ತಮ್ಮ ಕೆಲಸದ ಗೆರೆ ದಾಟಿದರು ಎನ್ನುವವರು ಈಗಲೂ ಇದ್ದಾರೆ, ಆ ಮಾತಲ್ಲಿ ಹುರುಳಿಲ್ಲದೆ ಇಲ್ಲ.

ಮುಂದಿನ ವರ್ಷವೇ ಇನ್ನೊಂದು ಕೇಸು. ಇಟಲಿ ಸರ್ಕಾರ ವಿದ್ಯುತ್ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ ಸಿಟ್ಟಾದ ವಕೀಲ ಫ್ಲಾಮಿನಿಯೊ ಕೋಸ್ತಾ 1,925 ಲೀರಾ ಕರೆಂಟ್ ಬಿಲ್ ಕಟ್ಟಲು ಒಪ್ಪಲಿಲ್ಲ. ಸಣ್ಣ ಮೊತ್ತ. ಆದರೆ ಆ ಬಿಲ್ಲಿನ ನೆಪದಲ್ಲಿ, ದೇಶದ ಕಾನೂನಿಗೂ ಸಮುದಾಯದ ಕಾನೂನಿಗೂ ಜಗಳ ಬಂದರೆ ಸಮುದಾಯದ್ದೇ ಮೇಲು ಎಂದು ಕೋರ್ಟು ತೀರ್ಪು ಕೊಟ್ಟಿತು.

ಈ ಕಾನೂನಿನಲ್ಲಿ ಮುಖ್ಯವಾಗಿ ಎರಡು ಬಗೆ. ‘ನಿರ್ದೇಶನ’ ಬಂದರೆ ಪ್ರತಿ ದೇಶವೂ ಅದಕ್ಕೆ ತಕ್ಕ ಹಾಗೆ ತನ್ನ ಕಾನೂನು ಮಾಡಿಕೊಳ್ಳಬೇಕು. ‘ನಿಯಮ’ ಹಾಗಲ್ಲ, ಎಲ್ಲ ದೇಶಗಳಲ್ಲೂ ಸೀದಾ ಜಾರಿ. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಅಂದರೆ ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು, ಈ ಎರಡನೇ ಬಗೆಯದು. ಯುರೋಪಿನ ಗ್ರಾಹಕರ ಮಾಹಿತಿ ನೋಡಿಕೊಳ್ಳುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳೂ ಅದಕ್ಕೆ ತಲೆಕೆಡಿಸಿಕೊಳ್ಳಬೇಕು.