ಗಾಜಿನ ಹಂಚಿನ ಲೆಕ್ಕ

ಪುತ್ತೂರಿನ ಕಡೆಯ ನಮ್ಮ ದೊಡ್ಡಮ್ಮನ ಮನೆಯ ಅಡುಗೆಕೋಣೆಯಲ್ಲಿ ಸಾಮಾನು ಕಡಿಮೆ. ಒಲೆ, ಎರಡು ಮಣೆ, ಗೋಡೆಯಲ್ಲೊಂದು ಗೂಡು. ಕೆಳಗೆ ಕಾವಿ ನೆಲ, ಸುತ್ತ ಸುಣ್ಣದ ಗೋಡೆ. ಇರುವ ಒಂದು ಕಿಟಕಿಯೂ ಪುಟ್ಟದು. ಆದರೂ ಹಗಲು ಹೊತ್ತು ಅಲ್ಲಿ ದೀಪ ಹಾಕಿದ್ದನ್ನು ನಾನು ಕಂಡಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹಂಚಿದೆ, ಅಷ್ಟೇ.

ಒಂದು ಹಂಚಿನಿಂದ ಎಷ್ಟು ಬೆಳಕು ಬಂದೀತು? ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಹಾಕಿ ಊರೂರಿಗೆ ಹಬ್ಬಿಸಿದ ಮಂಗಳೂರು ಹಂಚು ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಬೇಕು. ಅಂದರೆ ಒಂದು ಹಂಚಿನ ಪಾಲಿಗೆ ಬರುವುದು ಊಟದ ತಟ್ಟೆಯಷ್ಟು ಜಾಗ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1 ಲಕ್ಷ ಲ್ಯೂಮೆನ್ ಬೆಳಕು ಸುರಿಯುತ್ತದೆ. ತಟ್ಟೆಯ ಪಾಲು ಆರೂವರೆ ಸಾವಿರ. ಗಾಜಿನ ದಪ್ಪ, ಧೂಳು, ಜೇಡರ ಬಲೆ ಎಲ್ಲ ಸೇರಿ ಎರಡು ಸಾವಿರ ನುಂಗಿದವು ಎಂದಿಟ್ಟುಕೊಳ್ಳಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು ಸುಮಾರು 900. ಉಳಿದದ್ದೇ ಐದು ಬಲ್ಬಿಗೆ ಸಮ.

ಒಳಗೆ ಬಂದ ಮೇಲಿನದು ಗೋಡೆಯ ಕೆಲಸ. ಒಳ್ಳೆಯ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ತಿರುಗಿ ಎಸೆಯುತ್ತದೆ. ಎದುರಿನ ಗೋಡೆ ಅದರಲ್ಲಿ 64ನ್ನು, ಮತ್ತೊಂದು 51ನ್ನು. ಕೂಡುತ್ತಾ ಹೋದರೆ ನೂರು ಐನೂರಾಗುತ್ತದೆ. ಗೋಡೆ ಅರ್ಧವನ್ನೇ ಹಿಂದಿರುಗಿಸುವಂಥದ್ದಾದರೆ ಸಿಗುವುದು ಬರೀ ಇನ್ನೂರು. ನಿಜವಾದ ಕೋಣೆಯಲ್ಲಿ ಪೂರ್ತಿ ಐದು ಪಟ್ಟು ಸಿಗುವುದಿಲ್ಲ. ಕಾವಿ ನೆಲದ ಕಬ್ಬಿಣದ ಆಕ್ಸೈಡ್ ನೀಲಿ, ಹಸಿರನ್ನೆಲ್ಲ ಹೀರಿ ಕೆಂಪನ್ನಷ್ಟೇ ಬಿಡುತ್ತದೆ. ಗೋಡೆಯ ಬುಡಕ್ಕೆ ಆ ನಸುಗೆಂಪು ಬರುವುದು ಹಾಗೆ.

ಕಪಾಟು, ಸೋಫಾ, ಪರದೆ, ಗೋಡೆಗೆ ಹೊಡೆದ ಪ್ಯಾನೆಲ್ ಇವೆಲ್ಲ ಈ ಲೆಕ್ಕದಲ್ಲಿ ಬೆಳಕು ತಿನ್ನುವ ಬಾಯಿಗಳು. ಬೆಂಗಳೂರಿನ ನಮ್ಮ ಫ್ಲಾಟಿಗೆ ‘ಮಿನಿಮಲ್’ ಅಲಂಕಾರ ಮಾಡಿಕೊಡುತ್ತೇನೆಂದು ಬಂದವರು ಹಾಲಿನ ಒಂದಿಡೀ ಗೋಡೆಗೆ ಕಡುಬೂದು ಲ್ಯಾಮಿನೇಟ್ ಹೊದಿಸಿ ಹೋದರು. ನೋಡಲು ಚೆಂದವೇ ಇತ್ತು. ಆದರೆ ಹಾಲಿಗೆ ಹಗಲು ಹನ್ನೊಂದಕ್ಕೇ ಲೈಟ್ ಬೇಕಾಯಿತು. ಎರಡು ವರ್ಷ ಸಹಿಸಿ ಕೀಳಿಸಿದೆ.

ಸುಣ್ಣದ ಬಿಳುಪೂ ಒಂದು ಸೋಜಿಗ. ಸುಣ್ಣ ಬಳಿದವರಿಗೆ ಗೊತ್ತು: ಕುಂಚ ಎಳೆದಾಗ ಗೋಡೆಗೆ ನೀರು ಸವರಿದಂತೆ ಕಾಣುತ್ತದೆ, ‘ಏನೂ ಹತ್ತಲಿಲ್ಲ’ ಅನಿಸುತ್ತದೆ. ಒಣಗಿದ ಮೇಲೆ ಫಕ್ಕನೆ ಬೆಳ್ಳಗೆ. ಸುಣ್ಣದ ಹರಳುಗಳಿಗೆ ಸ್ವಂತ ಬಣ್ಣವಿಲ್ಲ. ಹರಳಿನಿಂದ ಗಾಳಿಗೆ, ಗಾಳಿಯಿಂದ ಹರಳಿಗೆ ದಾಟುವಾಗೆಲ್ಲ ಬೆಳಕು ದಿಕ್ಕು ತಪ್ಪಿ ಚೆದರುತ್ತದೆ, ಆ ಚೆದರುವಿಕೆಯೇ ಬಿಳುಪು. ಸಂದುಗಳಲ್ಲಿ ನೀರು ತುಂಬಿದ್ದರೆ ಹರಳಿಗೂ ನೀರಿಗೂ ವಕ್ರೀಭವನದ, ಅಂದರೆ ಬೆಳಕನ್ನು ಬಾಗಿಸುವ ಗುಣದ, ಅಂತರ ಕಡಿಮೆ, ಬೆಳಕು ಅಷ್ಟು ಚೆದರದೆ ಒಳಕ್ಕೆ ನುಸುಳಿಬಿಡುತ್ತದೆ. ಮಳೆಗಾಲದಲ್ಲಿ ಒದ್ದೆ ಗೋಡೆ ಕಪ್ಪಿಡುವುದಕ್ಕೂ ಇದೇ ಕಾರಣ. ಮುಂದೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದರಿಂದ ಅಲ್ಲಿ ಚಿಪ್ಪೇ ಗೋಡೆಯ ಮೇಲೆ ಮರಳಿ ಹುಟ್ಟಿತೆನ್ನಿ.

ದೊಡ್ಡಮ್ಮನಿಗೆ ಗಾಜಿನ ಹಂಚು ಗಡಿಯಾರವೂ ಹೌದು. ಹಂಚು ನೆಲದಿಂದ ನಾಲ್ಕು ಮೀಟರ್ ಮೇಲಿದೆ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ, ನೆತ್ತಿಯ ಬಿಸಿಲಿನಲ್ಲಿ ನೆಲದ ಬಿಸಿಲುಕೋಲು ಅಷ್ಟರಲ್ಲಿ ಏಳು ಸೆಂಟಿಮೀಟರ್ ಸರಿಯುತ್ತದೆ. ಒಗ್ಗರಣೆ ಸಿಡಿಯುವಷ್ಟರಲ್ಲಿ ಅದು ಸರಿದದ್ದು ಕಣ್ಣಿಗೇ ಕಾಣುತ್ತದೆ.

ಹಂಚಿನ ಸಂದುಗಳಿಂದ ಬೀಳುವ ಚಿಕ್ಕ ಬೆಳಕಿನ ಕಾಸುಗಳದ್ದು ಇನ್ನೊಂದು ಕತೆ. ಸಂದು ಎಂಥ ಸೊಟ್ಟ ಆಕಾರದ್ದಿದ್ದರೂ ಕಾಸು ಗುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಕಂಕಣ ಗ್ರಹಣದ ದಿನ, ಬಿಸಿಲು ಓರೆಯಾಗಿತ್ತು, ಕಾಸುಗಳೆಲ್ಲ ಗೋಡೆಯ ಮೇಲಿದ್ದವು. ನೋಡನೋಡುತ್ತ ಒಂದೊಂದೂ ಯಾರೋ ಕಚ್ಚಿಟ್ಟ ಚಕ್ಕುಲಿಯಂತಾಗಿ, ಕೊನೆಗೆ ಕುಡುಗೋಲಿನಷ್ಟಾಯಿತು. ಗ್ರಹಣ ಬಿಡುವ ತನಕ ಒಲೆ ಹಚ್ಚುವಂತಿಲ್ಲ ಎಂದು ಸುಮ್ಮನೆ ಮಣೆಯ ಮೇಲೆ ಕೂತಿದ್ದ ದೊಡ್ಡಮ್ಮ, ಗೋಡೆಯಲ್ಲಿ ಅವು ಎಷ್ಟಿವೆ ಎಂದು ಎಣಿಸತೊಡಗಿದರು.